ಅಪ್ಪನ ಬಲಗೈ

ಅಪ್ಪಾ,

ಮಲಗಿದ್ದಿರಿ, ಎಬ್ಬಿಸಲಿಲ್ಲ. ಉಪ್ಪಿಟ್ಟು ಹಾಟ್‌ಬಾಕ್ಸಿನಲ್ಲಿದೆ. ಮುಚ್ಚಳ ಬಿಗಿ ಮಾಡಿಲ್ಲ, ಬಲಗೈಯಲ್ಲೇ ತೆಗೆಯಿರಿ. ಬಿಪಿ ಮಾತ್ರೆ ಲೋಟದ ಪಕ್ಕದಲ್ಲಿದೆ. ಮರೆತೆ ಅಂತ ನೆಪ ಹೇಳಬೇಡಿ.

ನಿನ್ನೆ ಗುಂಡಿ ಹಾಕಲಾಗದೆ ಅಂಗಿಯನ್ನು ತಲೆ ಮೇಲಿಂದ ಕಿತ್ತು ಬಿಸಾಕಿ, "ಲಕ್ವ ಹೊಡೆದ ಕೈ ಇನ್ನೆಲ್ಲಿ ಬತ್ತದೆ, ಬುಡು ಬಿಂದು" ಅಂದಿರಿ. ನನಗೂ ಸಿಟ್ಟು ಬಂತು, ಅಂಗಿ ಎತ್ತಿಕೊಂಡು ಒಳಗೆ ಹೋದೆ.

ವರ್ಕ್‌ಶಾಪಿನಲ್ಲಿ ನಿಮ್ಮ ಕೈಕೆಳಗೆ ಕೆಲಸ ಕಲಿತ ವಿಜಯ್‌ಕುಮಾರಣ್ಣ ಮೊನ್ನೆ ನಿಮ್ಮನ್ನು ನೋಡಲು ಬಂದಿದ್ದರಲ್ಲ, ಹೋಗುವಾಗ ಗೇಟಿನ ಹತ್ತಿರ ನನಗೊಂದು ವಿಷಯ ಹೇಳಿದರು. ಸೇರಿದ ಹೊಸದರಲ್ಲಿ ಅರ ಹಿಡಿದು ಕಬ್ಬಿಣ ಉಜ್ಜಲು ಬಾರದೆ ಅವರು ಅಳುತ್ತಾ ಕೂತಿದ್ದರಂತೆ. ನೀವು ಬೈಯಲಿಲ್ಲವಂತೆ. "ಬರಲ್ಲ ಅನ್ಬೇಡ ಕಣೋ, ಇನ್ನೂ ಬಂದಿಲ್ಲ ಅನ್ನು" ಅಂದು, ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ಮಾಡಿಸಿದಿರಂತೆ. ಅವರಿಗೆ ತೋರಿಸಿದ ತಾಳ್ಮೆಯನ್ನು ನಿಮ್ಮ ಕೈಗೂ ಸ್ವಲ್ಪ ತೋರಿಸಿ.

ಹೋದ ತಿಂಗಳು ಆ ಕೈಗೆ ಚಮಚ ಹಿಡಿಯಲೂ ಆಗುತ್ತಿರಲಿಲ್ಲ. ನಿನ್ನೆ ಅಂಗಿ ಎತ್ತಿಕೊಂಡಾಗ ನೋಡಿದೆ, ಕೆಳಗಿನ ಎರಡು ಗುಂಡಿ ಹಾಕಿಯೇ ಇದ್ದಿರಿ. ಸಿಟ್ಟಿನಲ್ಲಿ ನೀವು ಗಮನಿಸಲಿಲ್ಲ ಅಷ್ಟೆ. ಅವನ್ನು ಬಿಚ್ಚದೆ ಹಾಗೇ ಮಂಚದ ಮೇಲೆ ಇಟ್ಟಿದ್ದೇನೆ.

ಇವತ್ತಿನಿಂದ ನಾನು ಹೊರಗಿಂದ ಬೀಗ ಹಾಕಿಕೊಂಡು ಹೋಗುವುದಿಲ್ಲ. ಎದ್ದ ಮೇಲೆ ಒಳಗಿನ ಚಿಲಕ ಹಾಕಿಕೊಳ್ಳಿ. ಸಂಜೆ ಬಂದು ಬೆಲ್ ಮಾಡುತ್ತೇನೆ, ನೀವೇ ತೆಗೆಯಿರಿ. ಅವಸರ ಮಾಡಬೇಡಿ, ಎಷ್ಟು ಹೊತ್ತಾದರೂ ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಬಿಂದು