ಒಂದು ಗೇಣು ಮೇಲೆ ಸರಿದ ಕೈ

ಪ್ರಾಂತೀಯ ಕ್ರೀಡಾ ಇಲಾಖೆಯ ಮುಖ್ಯಸ್ಥರೇ,

ನನ್ನ ಶಿಷ್ಯೆ ಕಲಾಮ್ಕಾಸಳ ಸೊಂಟ ಮುರಿಯಲು ಕಾರಣ 'ಕ್ರೀಡಾಪಟು ಸ್ವಂತ ಇಚ್ಛೆಯಿಂದ ತಪ್ಪು ಎತ್ತರದಲ್ಲಿ ಕೋಲು ಹಿಡಿದದ್ದು' ಎಂದು ತಾವು ರುಜು ಹಾಕಿದ ತನಿಖಾ ವರದಿ ಹೇಳುತ್ತದೆ. ಎಷ್ಟು ಅಚ್ಚುಕಟ್ಟಾದ ಸಾಲು. ಅದನ್ನೇ ತೋರಿಸಿ ತರಬೇತುದಾರರ ಶಾಲೆಯವರು ಮೊನ್ನೆ ಅವಳ ಅರ್ಜಿ ವಾಪಸು ಕಳಿಸಿದರು. ಇನ್ನೆಂದೂ ಜಿಗಿಯಲಾರದ ಇಪ್ಪತ್ತರ ಹುಡುಗಿಗೆ ಉಳಿದಿದ್ದದ್ದು ಜಿಗಿಯುವುದನ್ನು ಕಲಿಸುವ ಕೆಲಸ ಮಾತ್ರ. ಈಗ ಅದೂ ಇಲ್ಲ.

ಪೋಲ್ ವಾಲ್ಟ್ ಕೋಲೆಂದರೆ ಬಾವುಟ ಕಟ್ಟುವ ಕಂಬವೆಂದು ತಾವು ತಿಳಿದಂತಿರುವುದರಿಂದ ಸ್ವಲ್ಪ ವಿವರಿಸುತ್ತೇನೆ. ಎಷ್ಟು ಕಿಲೋ ಮೈತೂಕದವರಿಗೆ ಎಂದು ಪ್ರತಿ ಕೋಲಿನ ಮೇಲೂ ಬರೆದಿರುತ್ತದೆ. ಹಗುರ ಮೈಯವರಿಗೆ ಬಳುಕುವ ಕೋಲು, ಭಾರದವರಿಗೆ ಬಿಗಿ ಕೋಲು. ಇಲಾಖೆ ನಮ್ಮವರ ತೂಕ ಬರೆದುಕೊಳ್ಳುವುದು ಸೆಪ್ಟೆಂಬರಿನಲ್ಲಿ. ಆಮೇಲೆ ಚಳಿ ಬೀಳುತ್ತದೆ, ಮನೆಮನೆಯಲ್ಲೂ ಕುದುರೆ ಕಡಿಯುತ್ತಾರೆ, ಕುದುರೆ ಮಾಂಸದ ಕಝಿ ತಿಂದು ತಿಂದು ವಸಂತದ ಹೊತ್ತಿಗೆ ಇಡೀ ತಂಡ ನಾಲ್ಕು ಕಿಲೋ ಏರಿರುತ್ತದೆ. ತಮ್ಮ ದಫ್ತರದಲ್ಲಿ ಮಾತ್ರ ಎಲ್ಲರೂ ತೆಳ್ಳಗೇ ಇರುತ್ತಾರೆ. ಕಝಾಕರಾಗಿ ಹುಟ್ಟಿಯೂ ಇಷ್ಟು ಹೊಳೆಯದಿರಬೇಕಾದರೆ ಎಷ್ಟು ವರ್ಷ ಕುರ್ಚಿಯಲ್ಲಿ ಕೂತಿರಬೇಕು?

ಇಲಾಖೆ ಕೊಟ್ಟ ಕೋಲು ಕಲಾಮ್ಕಾಸಳ ಹೊಸ ತೂಕಕ್ಕೆ ಮುರಿಯಬಹುದಿತ್ತು. ಏಪ್ರಿಲಿನಲ್ಲಿ ನಾನು ಪಕ್ಕದ ಕ್ಲಬ್ಬಿನವರ ಕಾಲು ಹಿಡಿದು ಒಂದು ಬಿಗಿ ಕೋಲು ತಂದೆ. ಬಿಗಿ ಕೋಲಿಗೆ ಓಟದ ವೇಗ ಹೆಚ್ಚು ಬೇಕು. ಆ ವೇಗ ಬರುವವರೆಗೆ ಹಿಡಿತ ಕೆಳಗಿರಬೇಕು. ಮೇಲೆ ಹಿಡಿದರೆ ಕೋಲು ನೆಟ್ಟಗಾಗದೆ ಅರ್ಧದಲ್ಲೇ ಸೋತು, ಜಿಗಿಯುವವರನ್ನು ಬಂದ ದಾರಿಗೇ ವಾಪಸು ಎಸೆಯುತ್ತದೆ. ಅದಕ್ಕೇ ಅವಳ ಮೇಲಿನ ಕೈ ಎಲ್ಲಿರಬೇಕೆಂದು ನಾನೇ ಕೆಂಪು ಟೇಪು ಸುತ್ತಿದ್ದೆ. ಮೂರು ವಾರ ಅವಳು ಆ ಟೇಪು ದಾಟಿರಲಿಲ್ಲ.

ಮೇ ತಿಂಗಳ ಪಂದ್ಯಕ್ಕೆ ತಾವು ಬಂದಿರಿ. ಹಿರಿಯರೆಂದು ನಾವೇ ಅವಳೆದುರಿಗೆ ಕರೆದು 'ಬಾತಾ ಕೊಡಿ' ಎಂದೆವು. ತಾವು ಅಂಗೈ ಅಗಲಿಸಿ ಹರಸಿದಿರಿ. ಅಲ್ಲಿಗೆ ಮುಗಿಸಬಹುದಿತ್ತು.

"ಏನಮ್ಮಾ, ಇಷ್ಟು ಕೆಳಗೆ ಹಿಡ್ಕೊಂಡಿದೀಯ? ಮೇಲಿಂದು ಯಾರಿಗೆ ಬಿಟ್ಟಿದೀಯ, ನಿಮ್ಮಜ್ಜಿಗಾ?" ಎಂದು ನಕ್ಕು, ಅವಳ ಕೈ ಹಿಡಿದು ಒಂದು ಗೇಣು ಮೇಲೆ ಸರಿಸಿದಿರಿ. "ಹಾಂ, ಈಗ ಲಕ್ಷಣವಾಗಿದೆ. ಹೋಗು ಮಗಳೇ."

ಬಾತಾ ಕೊಟ್ಟವರು ಇಟ್ಟ ಕೈಯನ್ನು ಅವರ ಕಣ್ಣೆದುರೇ ಕೆಳಗಿಳಿಸುವ ಹೆಣ್ಣುಮಗಳು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅವಳು ಓಡಿದಳು. ಕೋಲು ಬಾಗಿತು, ನೆಟ್ಟಗಾಗಲಿಲ್ಲ. ಮೆತ್ತೆಯ ಕಡೆ ಹೋಗಬೇಕಾದವಳು ಹಿಂದಕ್ಕೆ ಬಂದು, ಕೋಲು ಊರುವ ಗುಂಡಿಯ ಕಬ್ಬಿಣದ ಅಂಚಿನ ಮೇಲೆ ಬಿದ್ದಳು. ಅವಳು ಕಿರುಚುತ್ತಿದ್ದಾಗ ತಾವು ಚಹಾದ ಬಟ್ಟಲು ಇಡಲು ಜಾಗ ಹುಡುಕುತ್ತಿದ್ದಿರಿ. ಈಗ ಅವಳು ಹಿಡಿಯುವ ಕೋಲು ಸೊಂಟದೆತ್ತರದ್ದು. ಅದನ್ನು ಎಲ್ಲಿ ಹಿಡಿಯಬೇಕೆಂದು ಹೇಳಲು ಮಾತ್ರ ತಾವು ಬರಲಿಲ್ಲ.

ತನಿಖೆಯಲ್ಲಿ ನಾನೂ ಸಾಕ್ಷಿ. 'ಕೈ ಯಾರು ಸರಿಸಿದರೋ ನೋಡಲಿಲ್ಲ' ಎಂದು ಬರೆದುಕೊಟ್ಟೆ. ಕೆಲಸ ಉಳಿಯಿತು. ಅರ್ಜಿ ವಾಪಸಾದ ದಿನ ಅವಳ ಮನೆಗೆ ಹೋದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಇನ್ನೂ ಗುರುವೆಂದೇ ಕರೆದಳು.

"ಅಗಾಯ್, ಆವತ್ತು ಓಡೋಕೆ ಮುಂಚೆ ನಾನು ನಿಮ್ಮನ್ನ ಕೇಳಿದ್ನಾ, ಇಲ್ವಾ? ಅವ್ರು ಬರ್ದಿದ್ದು ಓದಿ ಓದಿ ನಂಗೇ ಅನುಮಾನ ಬಂದ್ಬಿಟ್ಟಿದೆ," ಎಂದಳು.

ಕೇಳಿದ್ದಳು. "ಅಗಾಯ್, ಟೇಪು ಕೆಳಗಿದೆ," ಎಂದಿದ್ದಳು. "ಇರ್ಲಿ ಬಿಡೇ, ದೊಡ್ಡವರು ಇಟ್ಟ ಕೈ. ಒಂದೇ ಸಲ ತಾನೇ," ಎಂದವನು ನಾನು. ಅದನ್ನು ಅವಳಿಗೆ ಹೇಳಿ ಬಂದಿದ್ದೇನೆ. ಈಗ ಈ ಪತ್ರವನ್ನು ಪತ್ರಿಕೆಗೂ ಕೊಟ್ಟು ಊರಿಗೆಲ್ಲ ಹೇಳುತ್ತಿದ್ದೇನೆ.

ವರದಿಯ ಆ ಸಾಲನ್ನು ಹೊಡೆದುಹಾಕಿ. 'ಕೈ ಸರಿಸಿದವರು ಇಲಾಖೆಯ ಮುಖ್ಯಸ್ಥರು, ತಡೆಯದವನು ತರಬೇತುದಾರ' ಎಂದು ತಿದ್ದಿ ಶಾಲೆಗೆ ಕಳಿಸಿ. ತಿದ್ದಿದ ಪ್ರತಿಯನ್ನು ನಾನೇ ಬರೆದು, ಕೆಳಗೆ ನನ್ನ ರುಜು ಹಾಕಿ ಇದರೊಂದಿಗೆ ಲಗತ್ತಿಸಿದ್ದೇನೆ. ತಮ್ಮ ರುಜುವಿಗೆಂದು ನನ್ನದರ ಮೇಲೆ ಒಂದು ಗೇಣು ಜಾಗ ಬಿಟ್ಟಿದ್ದೇನೆ.

ಇಂತಿ,
ಟೇಪು ಸುತ್ತಲು ಬಂದರೂ ಬಾಯಿ ಬಿಡಲು ಬಾರದಿದ್ದ
ತುರ್ಸಿನ್‌ಬೆಕ್, ಪೋಲ್ ವಾಲ್ಟ್ ತರಬೇತುದಾರ