ಮಣಿಕಟ್ಟಿನ ನೋವು ಕಲಿತ ಯಂತ್ರ

ಹರಿಹರ

ಮಾನ್ಯ ಮ್ಯಾನೇಜರ್ ಸಾಹೇಬರಿಗೆ, ಇಲ್ಲೇ ಹತ್ತಿರದ ಕರೂರಿನ ನಿಮ್ಮ ಗಾರ್ಮೆಂಟ್ಸಿನ ಮಾಜಿ ಟೇಲರ್ ನಯೀಮ್ ಮಾಡುವ ಸಲಾಮು.

ಎರಡು ತಿಂಗಳು ನನ್ನ ಹಣೆಗೆ ಕ್ಯಾಮೆರಾ ಕಟ್ಟಿ, ಕಾಲರ್ ಹೊಲಿಯುವುದನ್ನು ನಿಮ್ಮ ಎರಡು ಕೈಯ ಯಂತ್ರಕ್ಕೆ ಕಲಿಸಿದಿರಿ. ಅದು ಪಾಸಾಯಿತು, ನಾನು ಮನೆಗೆ ಬಂದೆ. ಗುರುವಿಗೆ ಇಂಥ ಕಾಣಿಕೆ ಯಾರೂ ಕೊಟ್ಟಿರಲಿಕ್ಕಿಲ್ಲ.

ಈಗ ಆ ಶಿಷ್ಯ ಹತ್ತು ಕಾಲರಿಗೊಮ್ಮೆ ನಿಂತು, ತನ್ನ ಎಡ ಮಣಿಕಟ್ಟನ್ನು ಒತ್ತಿಕೊಳ್ಳುತ್ತದೆಂದು ಬರೆದಿದ್ದೀರಿ. ಅದು ಹೊಲಿಗೆಯ ವರಸೆಯಲ್ಲ ಸಾಹೇಬರೇ, ನನ್ನ ಹತ್ತೊಂಬತ್ತು ವರ್ಷದ ನೋವು. ಕ್ಯಾಮೆರಾ ಅದನ್ನೂ ಕೆಲಸವೆಂದೇ ತಿಳಿಯಿತು. ನೀವು ಒಂದು ದಿನವೂ ಹಾಗೆ ತಿಳಿದಿರಲಿಲ್ಲ.

ಒಂದು ದಿನದ ಮಟ್ಟಿಗೆ ಬಂದು, ಕೈ ಒತ್ತಿಕೊಳ್ಳದೆ ಹೊಲಿದು ತೋರಿಸಬೇಕೆಂದು ಕರೆದಿದ್ದೀರಿ. ನೋವನ್ನು ಮನೆಯಲ್ಲಿ ಬಿಟ್ಟು ಬರುವ ವಿದ್ಯೆ ನನಗೆ ಬಾರದು. "ಹೋಗ್ಬ್ಯಾಡ್ರಿ, ಆ ಮಿಷಿನ್ನಾದ್ರೂ ಸ್ವಲ್ಪ ಸುಧಾರಿಸ್ಕೊಳ್ಳಲಿ" ಎನ್ನುತ್ತಾಳೆ ನನ್ನ ಹೆಂಡತಿ ಗುಲ್ನಾಜ್.

ಬದಲಿಗೆ ಒಂದು ಉಪಾಯ ಹೇಳುತ್ತೇನೆ. ಅದು ನಿಂತಾಗಲೆಲ್ಲ ಸೂಪರ್‌ವೈಸರ್ ದಿನೇಶಪ್ಪನವರನ್ನು ಕಳಿಸಿ, "ಯಾಕಪ್ಪಾ, ಮನಿಗೆ ಹೋಗ್ತೀಯೇನು?" ಎಂದು ಕೇಳಿಸಿ. ನಾನು ಮಣಿಕಟ್ಟು ಬಿಟ್ಟು ಮತ್ತೆ ಹೊಲಿಯುತ್ತಿದ್ದುದು ಆ ಮಾತಿಗೇ. ಯಂತ್ರ ಹೆದರುತ್ತದೋ ಇಲ್ಲವೋ ಹೇಳಲಾರೆ. ಅದಕ್ಕೆ ಮನೆಯಲ್ಲಿ ಮಕ್ಕಳಿಲ್ಲ.

ಇಂತಿ, ನಿಮ್ಮ ಯಂತ್ರದ ಉಸ್ತಾದ್,
ನಯೀಮ್