ಬೆಲ್ ಆದ ಮೇಲೆ ಬರ್ತೀನಿ

ಹೊಲಿಗೆ ಕೋಣೆಯಿಂದ,
ತಾರೀಖು ಹದಿನಾಲ್ಕು, ಶುಕ್ರವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಎಡಮಗ್ಗುಲಲ್ಲೇ ಮಲಗುತ್ತಿದ್ದೀಯ ತಾನೇ, ಅಥವಾ ಹಳೇ ಅಭ್ಯಾಸ ಎಂದು ಅತ್ತಿತ್ತ ಹೊರಳಾಡಿ ಸಿಸ್ಟರ್ ಕೈಲಿ ಬೈಸಿಕೊಳ್ಳುತ್ತಿದ್ದೀಯೋ? ಒಳಗಿರುವವರು ಚೆನ್ನಾಗಿ ಒದೆಯುತ್ತಿದ್ದಾರಾ? ಒದೆಯಲಿ, ಒದ್ದಷ್ಟೂ ನನಗೆ ಸಮಾಧಾನ. ಊಟದಲ್ಲಿ ಉಪ್ಪೇ ಇಲ್ಲ ಎಂದು ಅಳಿಯಂದಿರ ಹತ್ತಿರ ದೂರು ಹೇಳಿ ಕಳಿಸಿದೆಯಂತೆ. ಉಪ್ಪಿಲ್ಲದಿರುವುದೇ ನಿನಗೆ ಔಷಧಿ, ಮೂಗು ಮುರಿಯದೆ ತಿನ್ನು. ಹೆರಿಗೆಯವರೆಗೆ ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳಕೂಡದು ಎಂದ ಡಾಕ್ಟರಮ್ಮನೇ ಫೋನೂ ಬೇಡ ಎಂದಾಗ ನನಗೆ ಮೊದಲು ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ ಅದೇ ಸರಿ ಅನ್ನಿಸಿತು. ಇಲ್ಲಿ ಜೀರಿಗೆ ಫೋನು ಹಿಡಿದು ಅಳುವುದು, ಅದನ್ನು ಕೇಳಿ ಅಲ್ಲಿ ನೀನು ಅಳುವುದು, ನಿನ್ನ ರಕ್ತದೊತ್ತಡ ಏರಿತೆಂದು ತಿಳಿದು ನನ್ನದೂ ಏರುವುದು, ಇದೆಲ್ಲ ಯಾರಿಗೆ ಬೇಕು? ಕಾಗದವಾದರೆ ಅತ್ತದ್ದು ಕೇಳಿಸುವುದಿಲ್ಲ. ಕಾಗದವನ್ನು ಮೊದಲು ಸಿಸ್ಟರ್ ಓದಿ ಆಮೇಲೆ ನಿನಗೆ ಕೊಡುತ್ತಾರಂತಲ್ಲ. ಸಿಸ್ಟರ್, ನಮಸ್ಕಾರ. ಇದರಲ್ಲಿ ನಡುವೆ ಒಂದಿಷ್ಟು ಗಾಬರಿಯ ಮಾತಿದೆ, ಅಲ್ಲಿಗೇ ನಿಲ್ಲಿಸಿ ಎತ್ತಿಡಬೇಡಿ. ದಯವಿಟ್ಟು ಕೊನೆಯವರೆಗೂ ಓದಿ.

ನಿನ್ನ ಮಗಳು ಈಗ ಒಂದನೇ ಕ್ಲಾಸು. ಅಂಗೈಯಷ್ಟು ಹುಟ್ಟಿದಳೆಂದು ನೀನೇ ಜೀರಿಗೆ ಅಂತ ಕರೆದೆಯಲ್ಲ, ಆ ಜೀರಿಗೆಗೆ ಈಗ ಅವಳಿಗಿಂತ ದೊಡ್ಡ ಬ್ಯಾಗು. ಶಾಲೆ ಶುರುವಾಗುವ ಮುಂಚೆ ತಂದೆತಾಯಿಯರ ಸಭೆ ಇತ್ತು. ಹೋಗಬೇಕಾಗಿದ್ದವರು ಅಳಿಯಂದಿರೇ. ಆದರೆ ರಾತ್ರಿಯಿಡೀ ಬೇಕರಿಯ ಒಲೆ ಮುಂದೆ ನಿಂತು ಬಂದವರು, ಸಭೆಗೆಂದು ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಕುರ್ಚಿಯಲ್ಲೇ ಗೊರಕೆ ಹೊಡೆದರು. ಎಬ್ಬಿಸಲು ಮನಸ್ಸಾಗಲಿಲ್ಲ. ಅರ್ಧ ಹೊಲಿದ ಕೋಟನ್ನು ಮಿಷಿನ್ನಿನ ಮೇಲೇ ಬಿಟ್ಟು ನಾನು ಹೊರಟೆ. ಅಲ್ಲಿ ಹೋದರೆ ಎಲ್ಲ ನಿನ್ನ ವಯಸ್ಸಿನವರು. ನರೆತ ತಲೆ ಎಂದರೆ ನನ್ನದೊಂದೇ. ಟೀಚರ್ ಸಣ್ಣ ಹುಡುಗಿ, ತೆಳ್ಳಗಿನ ದನಿ, ಆದರೆ ನೋಟ ಮಾತ್ರ ಭಾರೀ ಖಡಕ್. ಭಾಷಣ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ಇವತ್ತು ನೀವೇ ಮಕ್ಕಳು ಎಂದು ಹೇಳಿ ನಮ್ಮನ್ನೆಲ್ಲ ಮೊಣಕಾಲೆತ್ತರದ ಕುರ್ಚಿಗಳಲ್ಲಿ ಕೂರಿಸಿಬಿಟ್ಟರು. ನಾನು ಕೂತಿದ್ದೇನೋ ಸರಿ, ಏಳುವಾಗ ಕುರ್ಚಿಯೂ ನನ್ನ ಜೊತೆಗೇ ಎದ್ದಿತು. ಪಕ್ಕದಲ್ಲಿದ್ದ ಲಾರಿ ಡ್ರೈವರ್ ಎಳೆದು ಬಿಡಿಸಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಬಿಡು.

ಶಾಲೆಯ ಬೆಳಗನ್ನು ನಮ್ಮ ಕೈಲೇ ಮಾಡಿಸಿ ತೋರಿಸಿದರು. ಬಾಗಿಲಲ್ಲಿ ಶೂ ಬಿಚ್ಚಿ ಗೋಡೆಯ ಗೂಡಿನಲ್ಲಿಡಬೇಕು. ಒಳಗೆ ಸಾಲಾಗಿ ಕೊಕ್ಕೆಗಳು, ಒಂದೊಂದರ ಮೇಲೂ ಒಂದೊಂದು ಚಿತ್ರ. ಅವರವರ ಚಿತ್ರದ ಕೆಳಗೆ ಅವರವರ ಬ್ಯಾಗು. ನಮ್ಮವಳದು ಕೆಂಪು ಕೊಡೆ. ನೀರು ಬೇಕಾದರೆ ಒಂದು ಬೆರಳು, ಬಚ್ಚಲಿಗಾದರೆ ಎರಡು. ಟೀಚರ್ ಚಪ್ಪಾಳೆ ತಟ್ಟಿದರೆ ಬಾಯಿಗೆ ಬೀಗ. ಊಟದ ಡಬ್ಬಿಯ ಮುಚ್ಚಳ ಮಗುವೇ ತೆಗೆಯುವಂತಿರಬೇಕು, ಅದಕ್ಕೆ ನಿನ್ನ ಆ ಬಿಗಿ ಡಬ್ಬಿಯನ್ನು ಎತ್ತಿಟ್ಟಿದ್ದೇನೆ, ಬಂದ ಮೇಲೆ ಜಗಳ ಮಾಡಬೇಡ. ಓದು ಬರಹ ಎಲ್ಲ ತಾವು ನೋಡಿಕೊಳ್ಳುತ್ತಾರಂತೆ. ತನ್ನ ವಸ್ತು ತಾನು ಎತ್ತಿಡುವುದು, ತನಗೇನು ಬೇಕೋ ಅದನ್ನು ಬಾಯಿಬಿಟ್ಟು ಕೇಳುವುದು, ಮನೆಯಲ್ಲಿ ಇಷ್ಟು ಕಲಿಸಿ ಕಳಿಸಿ ಎಂದರು. ಆ ಡ್ರೈವರ್ ಶಿಸ್ತಾಗಿ ಕೈಯೆತ್ತಿ, ಮಗು ಅತ್ತರೆ ಏನು ಮಾಡ್ತೀರಿ ಟೀಚರ್ ಎಂದು ಕೇಳಿದ. ಕೇಳುವಾಗ ಅವನ ಕಣ್ಣೇ ತುಂಬಿತ್ತು. ಒಬ್ಬಿಬ್ಬರು ನಕ್ಕರು. ಟೀಚರ್ ಕೊನೆಯ ನಿಯಮ ಹೇಳಿದ್ದು ಆಗಲೇ. ಗೇಟಿನಲ್ಲೇ ಬಿಡಿ, ಕಣ್ಣು ತಪ್ಪಿಸಿ ಕದ್ದು ಹೋಗಬೇಡಿ, ಸುಳ್ಳು ಹೇಳಬೇಡಿ, ಒಂದು ಮಾತು ಹೇಳಿ ತಿರುಗಿ ನೋಡದೆ ಹೊರಟುಬಿಡಿ. ಎಲ್ಲಕ್ಕಿಂತ ಸುಲಭದ್ದು ಇದೇ ಎಂದು ನಾನು ಅಂದುಕೊಂಡೆ.

ಮನೆಗೆ ಬಂದು ಜೀರಿಗೆಗೆ ತಾಲೀಮು ಶುರು ಮಾಡಿದೆ. ಹೊಲಿಗೆ ಕೋಣೆಯ ಗೋಡೆಗೆ ಮೊಳೆ ಹೊಡೆದು, ಮೇಲೆ ಕೆಂಪು ಬಟ್ಟೆಯಲ್ಲಿ ಕೊಡೆ ಕತ್ತರಿಸಿ ಅಂಟಿಸಿದೆ. ನಿನ್ನ ಮಗಳು ಚುರುಕು, ಎಲ್ಲವನ್ನೂ ಒಂದೇ ಸಲಕ್ಕೆ ಹಿಡಿದಳು. ಅವಳಪ್ಪನಿಗೂ ಕಲಿಸಿದಳು, ಈಗ ಅವರೂ ಎರಡು ಬೆರಳು ತೋರಿಸಿಯೇ ಏಳುವುದು. ನನಗೆ ಧೈರ್ಯ ಬಂತು. ಮೊದಲ ದಿನ ಗೇಟಿನಲ್ಲಿ ಅವಳ ಕಾಲರ್ ಸರಿಮಾಡಿ, ಕೆನ್ನೆ ಸವರಿ, ಬರ್ತೀನಿ ಕಂದ ಎಂದು ಹೇಳಿ, ತಿರುಗಿ ನೋಡದೆ ಬಂದೆ. ಅಳಲಿಲ್ಲ ಅವಳು. ನನ್ನನ್ನು ನಾನೇ ಮೆಚ್ಚಿಕೊಂಡೆ.

ಈಗ ಆ ಗಾಬರಿಯ ಮಾತು. ಎಡಮಗ್ಗುಲಾಗಿ ನಿಧಾನಕ್ಕೆ ಉಸಿರು ತೆಗೆದುಕೊಂಡು ಓದು. ಅವತ್ತು ಬೆಲ್ ಆದಾಗ ಅವಳು ಬೆನ್ನ ಮೇಲೆ ಬ್ಯಾಗು ಹೊತ್ತೇ ಬಂದಳು. ಹೊರಟಿದ್ದಾಳಲ್ಲ, ಹೊತ್ತಿದ್ದಾಳೆ ಅಂದುಕೊಂಡೆ. ಹಿಂದೆಯೇ ಟೀಚರ್ ಬಂದು, ಬೆಳಗಿನಿಂದ ಬ್ಯಾಗು ಇಳಿಸಿಲ್ಲ, ಶೂ ಬಿಚ್ಚಿಲ್ಲ, ಬಾಗಿಲ ಪಕ್ಕವೇ ಕೂತಿದ್ದಾಳೆ ಎಂದರು. ಮೊದಲ ದಿನ ಹಾಗೇ ಎಂದು ಇಬ್ಬರೂ ಸಮಾಧಾನ ಹೇಳಿಕೊಂಡೆವು. ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ ಅದೇ. ಊಟ ಮಾಡಿದ್ದೂ ಬ್ಯಾಗು ಹೊತ್ತುಕೊಂಡೇ, ಬಸ್ಸಿಗೆ ಕಾಯುವವರು ಉಣ್ಣುವ ಹಾಗೆ. ಬಿಡಿಸಲು ಹೋದರೆ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳಂತೆ. ಹೆಡ್‌ಮಾಸ್ಟರ್ ಕರೆದು, ಈ ವಾರದೊಳಗೆ ಹೊಂದಿಕೊಳ್ಳದಿದ್ದರೆ ಒಂದು ವರ್ಷ ಹಿಂದಕ್ಕೆ, ಶಿಶುವಿಹಾರಕ್ಕೇ ಹಾಕಿ, ಅವಸರವೇನು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೂ ನಿನಗೆ ಏನೆಂದು ಬರೆಯಲಿ? ನೀನು ಹಾಸಿಗೆಯಲ್ಲಿ ಮಲಗಿ ನಿನ್ನನ್ನೇ ಬೈದುಕೊಳ್ಳುತ್ತೀಯ, ಒತ್ತಡ ಏರುತ್ತದೆ, ಒಳಗಿರುವ ಜೀವಕ್ಕೆ ಏನಾದರೂ ಆದರೆ? ಇಲ್ಲಿ ಈ ಮಗು, ಅಲ್ಲಿ ಆ ಮಗು, ನಡುವೆ ನೀನು. ತೋಳು ತಿರುಗುಮುರುಗಾಗಿ ಒಂದು ಕೋಟನ್ನೇ ಕೆಡಿಸಿದೆ. ಜೀರಿಗೆಯನ್ನು ಮುದ್ದು ಮಾಡಿದೆ, ಗದರಿಸಿದೆ, ಲಂಚ ಕೊಟ್ಟೆ. ತುಟಿ ಪಿಟಕ್ಕೆನ್ನಲಿಲ್ಲ. ಮನೆಗೆ ಬಂದ ಮೇಲೂ ಶೂ ಬಿಚ್ಚದೆ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನೀನು ಹೋದ ದಿನದಿಂದಲೂ ಹಾಗೆ ಕೂರುತ್ತಿದ್ದಾಳೆ. ಆಡುತ್ತಿದ್ದಾಳೆ ಅಂದುಕೊಂಡಿದ್ದೆ ನಾನು.

ಬಾಯಿ ಬಿಡಿಸಿದ್ದು ಟೀಚರ್. ನಿನ್ನೆ ಅವರೂ ತಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಅವಳ ಪಕ್ಕ ಬಾಗಿಲಲ್ಲಿ ಕೂತರಂತೆ, ಮಾತಿಲ್ಲದೆ. ಬಹಳ ಹೊತ್ತಾದ ಮೇಲೆ ಇವಳೇ ಹೇಳಿದಳಂತೆ, "ಅಜ್ಜಿ ಬರ್ತೀನಿ ಅಂದಿದ್ದಾಳೆ. ಬಂದ ತಕ್ಷಣ ಹೊರಡ್ಬೇಕಲ್ಲ." ಇನ್ನೂ ಸ್ವಲ್ಪ ಹೊತ್ತಿಗೆ, "ಅಮ್ಮನೂ ಬರ್ತೀನಿ ಅಂದ್ಲು."

ಗೇಟಿನಲ್ಲಿ ಟೀಚರ್ ಇದನ್ನು ಹೇಳಿದಾಗ ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ನಿನ್ನನ್ನು ಆಂಬುಲೆನ್ಸಿಗೆ ಹತ್ತಿಸುವಾಗ ನೀನು ಅವಳ ಕೈ ಹಿಡಿದು ಹೇಳಿದ್ದು ಅದೇ ಮಾತಲ್ಲವೇ, ಬರ್ತೀನಿ ಕಂದಾ ಅಂತ. ಇನ್ನೇನು ಹೇಳುತ್ತಿದ್ದೆ? ನಾವೆಲ್ಲ ಹೇಳುವುದೇ ಹಾಗೆ. ಹಾಲಿನವನು ಬರ್ತೀನಿ ಅನ್ನುತ್ತಾನೆ, ಪೋಸ್ಟಿನವನು ಬರ್ತೀನಿ ಅನ್ನುತ್ತಾನೆ, ಹೊಲಿಗೆ ಇಷ್ಟವಾಗದೆ ಇನ್ನೆಂದೂ ಈ ಕಡೆ ತಲೆ ಹಾಕದ ಗಿರಾಕಿಯೂ ಬರ್ತೀನಮ್ಮಾ ಎಂದೇ ಹೋಗುವುದು. ನೀನು ಚಿಕ್ಕವಳಿದ್ದಾಗ ಒಮ್ಮೆ ಹೋಗ್ತೀನಿ ಅಂದದ್ದಕ್ಕೆ ಬಾಗಿಲಿನಿಂದ ವಾಪಸ್ ಕರೆದು, ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನು ಎಂದು ಹೇಳಿಸಿಯೇ ಕಳಿಸಿದ್ದೆ, ನೆನಪಿದೆಯಾ? ಇದುವರೆಗೆ ಜೀರಿಗೆಗೆ ಬರ್ತೀನಿ ಅಂದವರೆಲ್ಲ ಒಂದು ದಿನ ಕಳೆಯುವುದರೊಳಗೆ ಬಂದಿದ್ದರು. ನೀನೊಬ್ಬಳೇ ಬರಲಿಲ್ಲ. ಅದಕ್ಕೇ ಅವಳು ಆ ಮಾತನ್ನು ಕಾವಲು ಕಾಯುತ್ತಿದ್ದಾಳೆ.

ಟೀಚರ್ ಹೇಳಿದ ಉಪಾಯ ಕೇಳಿ ನನಗೆ ಇನ್ನಷ್ಟು ಭಯವಾಯಿತು. "ಅಜ್ಜಿ, ನಾಳೆ ಹೋಗ್ತೀನಿ ಅಂತ್ಲೇ ಹೇಳಿ. ಬೆಲ್ ಆದ್ಮೇಲೆ ಬರ್ತೀನಿ ಅಂತ ಆಮೇಲೆ ಹೇಳಿ. ಎರಡೂ ಬೇರೆ ಬೇರೆ ಅಂತ ಅವಳಿಗೆ ಗೊತ್ತಾಗ್ಬೇಕು." ಹೋಗಿ ಬರ್ತೀನಿ ಅಂದರೆ ಆಗುವುದಿಲ್ಲವೇ ಎಂದು ಚೌಕಾಸಿ ಮಾಡಿದೆ. ಅದರಲ್ಲಿ ಅವಳಿಗೆ ಕೇಳಿಸುವುದು ಬರ್ತೀನಿ ಒಂದೇ ಎಂದರು. ಬುದ್ಧಿಗೆ ಒಪ್ಪಿಗೆಯಾಯಿತು ಮಗಳೇ, ನಾಲಿಗೆಗೆ ಆಗಲಿಲ್ಲ. ನೀನು ಅಲ್ಲಿ ಹಾಗೆ ಮಲಗಿರುವಾಗ ಈ ಮನೆಯವಳ ಬಾಯಲ್ಲಿ ಆ ಮಾತು ಬರಬೇಕೇ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಯಾವ ಮಾತು ಎಲ್ಲಿ ಹೋಗಿ ತಾಗುತ್ತದೋ ಯಾರಿಗೆ ಗೊತ್ತು? ಸಂಜೆ ಬಾಗಿಲು ಹಾಕಿಕೊಂಡು, ಕೋಟು ತೊಡಿಸುವ ಗೊಂಬೆಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಹೋ ಎಂದು ಅಲ್ಲೇ ನಿಲ್ಲುತ್ತಿದ್ದೆ. ಕೊನೆಗೆ ಕಣ್ಣು ಮುಚ್ಚಿ ಗಟ್ಟಿಯಾಗಿ ಹೋಗ್ತೀನಿ ಎಂದೆ ನೋಡು, ಅಳಿಯಂದಿರು ಬಾಗಿಲು ದೂಡಿಕೊಂಡು ಬಂದು, "ಅತ್ತೆ, ನಾನೇನ್ ತಪ್ಪು ಮಾಡ್ದೆ? ಈಗ ನೀವೂ ಹೋದ್ರೆ ನಮ್ಮ ಗತಿ ಏನು?" ಎಂದು ನನ್ನ ಕೈ ಹಿಡಿದುಕೊಂಡರು. ನಗು ಬಂತು, ಜೊತೆಗೆ ಅಳುವೂ ಬಂತು. ಒಳ್ಳೆಯವರು ಕಣೇ ಅವರು, ಗೊರಕೆ ಒಂದು ಬಿಟ್ಟರೆ.

ಇವತ್ತು ಬೆಳಿಗ್ಗೆ ಗೇಟಿನಲ್ಲಿ ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತೆ. ಈ ಮಾತು ಇಲ್ಲಿಗಷ್ಟೇ, ಈ ಗೇಟಿಗಷ್ಟೇ, ನನ್ನ ಮಗಳಿಗಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಆಮೇಲೆ ಬಾಯಿಬಿಟ್ಟು, "ಜೀರಿಗೆ, ನಾನು ಹೋಗ್ತೀನಿ" ಎಂದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸಿತು. ಅವಳು ಕಣ್ಣರಳಿಸಿ, "ಹೋಗೇಬಿಡ್ತೀಯಾ?" ಎಂದಳು. ಹೂಂ, ಹೋಗೇಬಿಡ್ತೀನಿ, ಬೆಲ್ ಆದ ಮೇಲೆ ಬರ್ತೀನಿ, ಅದಕ್ಕೆ ಮುಂಚೆ ಬರಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಅಳುತ್ತಾಳೆ, ಎಲ್ಲ ಕೆಟ್ಟಿತು ಅಂದುಕೊಂಡೆ. ಅವಳು ಅಳಲಿಲ್ಲ. ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟು, "ಸರಿ, ಹೋಗು" ಎಂದು ಹೇಳಿ ಒಳಗೆ ನಡೆದಳು. ತಿರುಗಿ ನೋಡಬಾರದೆಂಬ ನಿಯಮವನ್ನು ಮುರಿದೆ. ಗೇಟಿನ ಕಂಬದ ಮರೆಯಲ್ಲಿ ನಿಂತು ಇಣುಕಿದೆ. ಅಲ್ಲಿ ಆ ಲಾರಿ ಡ್ರೈವರ್ ಮೊದಲೇ ಅಡಗಿದ್ದ, ಸರಿದು ಜಾಗ ಕೊಟ್ಟ. ಜೀರಿಗೆ ಬಾಗಿಲಲ್ಲಿ ಕೂತು ಶೂ ಬಿಚ್ಚಿದಳು. ಒಂದನ್ನು ಗೂಡಿನಲ್ಲಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು, ಇನ್ನೊಂದನ್ನೂ ಇಟ್ಟಳು. ಆಮೇಲೆ ಕೆಂಪು ಕೊಡೆಯ ಕೆಳಗೆ ಬ್ಯಾಗು ನೇತುಹಾಕಿ ಒಳಗೆ ಹೋದಳು. ಅವಳ ಬೆನ್ನು ಅಷ್ಟು ಚಿಕ್ಕದೆಂದು ನನಗೆ ಇವತ್ತೇ ಗೊತ್ತಾಗಿದ್ದು.

ಮಧ್ಯಾಹ್ನದ ಊಟ ಮುಗಿಸಿದವಳೇ ಇದನ್ನು ಬರೆಯಲು ಕೂತೆ. ನಡುನಡುವೆ ಗಡಿಯಾರ ನೋಡುತ್ತಿದ್ದೇನೆ. ಹೇಳಿದ ಮೇಲೆ ಬೆಲ್ ಹೊಡೆಯುವಾಗ ನಾನು ಅಲ್ಲಿ ಇರಲೇಬೇಕು. ಇವತ್ತು ತಪ್ಪಿದರೆ ಎಲ್ಲ ತಪ್ಪಿದ ಹಾಗೆ. ಈಗಲೇ ಎದ್ದರೆ ಒಳ್ಳೆಯದು, ದಾರಿಯಲ್ಲಿ ಮಂಡಿ ಹಿಡಿದುಕೊಂಡರೆ ಏನು ಮಾಡಲಿ? ಸಿಸ್ಟರಿಗೆ ನನ್ನ ನಮಸ್ಕಾರ ಹೇಳು. ಉಪ್ಪಿಲ್ಲದ ಊಟ ಬಿಡಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ, ಹೊತ್ತವಳೂ ಒಳಗಿರುವವರೂ ಇಬ್ಬರೂ ಸುಖವಾಗಿರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಬೆಲ್ ಆಗುವುದಕ್ಕೆ ಮುಂಚೆಯೇ ನಾನು ಗೇಟಿನಲ್ಲಿದ್ದೆ. ಈಗಷ್ಟೇ ಮನೆಗೆ ಬಂದೆವು, ಅಂಚೆ ಡಬ್ಬಿಗೆ ಹಾಕುವ ಮುಂಚೆ ಇದನ್ನು ಗೀಚುತ್ತಿದ್ದೇನೆ. ದಾರಿಯಲ್ಲಿ ಜೀರಿಗೆ ಕೇಳಿದಳು, "ಅಮ್ಮ ಯಾವ ಬೆಲ್ ಆದ್ಮೇಲೆ ಬರ್ತಾಳೆ?" ಬರ್ತಾಳೆ ಕಂದ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಮ್ಮನನ್ನೇ ಕೇಳೋಣ ಎಂದಿದ್ದೇನೆ. ಅವಳಿಗೆ ನೀನೇ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು. ಅಮ್ಮ ಹೋಗಿದ್ದಾಳೆ ಎಂದು ಬರಿ. ಪಾಪು ಹುಟ್ಟಿ, ಡಾಕ್ಟರಮ್ಮ ಹೂಂ ಅಂದ ಮೇಲೆ ಬರ್ತೀನಿ ಎಂದು ಬರಿ. ಅದು ಯಾವತ್ತು ಎಂದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರಿ, ತಡೆದುಕೊಳ್ಳುತ್ತಾಳೆ. ಮನೆಗೆ ಬಂದವಳೇ ಶೂ ಬಿಚ್ಚಿಟ್ಟು ಆಡಲು ಹೋದಳು. ಅವಳ ಕಾಗದದ ಜೊತೆ ನನಗೊಂದು ಬೇರೆ ಚೀಟಿ ಇಡು. ಅದರಲ್ಲಿ ಬೆಲ್ಲೂ ಬೇಡ, ದಿನವೂ ಬೇಡ. ಬರ್ತೀನಮ್ಮಾ ಎಂದು ಅದೊಂದೇ ಮಾತು ಬರಿ. ನಾನಿನ್ನೂ ಚಪ್ಪಲಿ ಬಿಚ್ಚಿಲ್ಲ.